ಪಕ್ಕದ ಮನೆಯವರ ಅಸಭ್ಯ ವರ್ತನೆಗೆ ಯಾವ ಸೆಕ್ಷನ್, ಯಾವ ಸಾಕ್ಷ್ಯ?

ತಪ್ಪು ಸೆಕ್ಷನ್ ಹಾಕಿದರೆ ಇಂಥ ದೂರುಗಳು ಬಿದ್ದುಹೋಗಬಹುದು. ಭಾರತೀಯ ನ್ಯಾಯ ಸಂಹಿತೆಯ 296 ಸಾರ್ವಜನಿಕ ಸ್ಥಳದ ಅಶ್ಲೀಲ ಕೃತ್ಯಕ್ಕೆ: 3 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆತ ತನ್ನದೇ ಬಾಲ್ಕನಿಯಲ್ಲಿ ನಿಂತು ಮಾಡಿದರೆ ‘ಅದು ಸಾರ್ವಜನಿಕ ಸ್ಥಳವಲ್ಲ’ ಎಂಬ ವಾದ ಬಂದೇ ಬರುತ್ತದೆ. ಮಹಿಳೆಯನ್ನು ಗುರಿಯಾಗಿಸಿದ ಸನ್ನೆ, ಮಾತು, ಪ್ರದರ್ಶನವಾದರೆ ಸೆಕ್ಷನ್ 79 ಕೇಳಿ. ಅದಕ್ಕೆ ಸ್ಥಳದ ಷರತ್ತಿಲ್ಲ, ಉದ್ದೇಶ ಮುಖ್ಯ. ಶಿಕ್ಷೆ 3 ವರ್ಷದವರೆಗೆ. ಬಚ್ಚಲುಮನೆಗೆ ಇಣುಕಿದರೆ, ಚಿತ್ರ ತೆಗೆದರೆ 77. ಮಕ್ಕಳ ಮುಂದೆ ಮಾಡಿದ್ದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ). ಆಗ ಅಪಾರ್ಟ್‌ಮೆಂಟ್ ಸಂಘದಲ್ಲಿ ರಾಜಿಗೆ ಕೂರಲೇಬೇಡಿ.

ಪುನರಾವರ್ತನೆ ತೋರಿಸಿದರೆ ಉದ್ದೇಶ ಸಾಬೀತುಪಡಿಸುವುದು ಸುಲಭ. ಹಾಗಾಗಿ ದಿನಾಂಕ, ಗಂಟೆ, ಆತ ನಿಂತ ಜಾಗ, ನೋಡಿದವರ ಹೆಸರು ಅಂದಂದೇ ಬರೆದಿಡಿ. ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿ ಅಳಿಸಿಹೋಗುತ್ತದೆ, ತಕ್ಷಣ ಪ್ರತಿ ತೆಗೆಸಿ; ಕೋರ್ಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರವೂ (ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ ಪತ್ರ) ಬೇಕು. ವಿಡಿಯೊವನ್ನು ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ, ಅಶ್ಲೀಲ ದೃಶ್ಯ ಹಂಚಿದ ಕೇಸು ನಿಮ್ಮ ಮೇಲೇ ತಿರುಗಬಹುದು.

ಆ ಕ್ಷಣಕ್ಕೆ 112ಕ್ಕೆ ಕರೆ ಮಾಡಿ. ಆಮೇಲೆ ಲಿಖಿತ ದೂರು. 77, 79ರ ದೂರನ್ನು ಮಹಿಳೆಯೇ ಕೊಟ್ಟರೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದಾಖಲಿಸದಿದ್ದರೆ ದೂರಿನ ಸಾರವನ್ನು ಅಂಚೆಯಲ್ಲಿ ಎಸ್‌ಪಿಗೆ (ಬೆಂಗಳೂರಿನಲ್ಲಿ ಡಿಸಿಪಿಗೆ) ಕಳಿಸಿ, ರಸೀದಿ ಜೋಪಾನ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕುವಾಗ ಆ ರಸೀದಿಯನ್ನೇ ಮೊದಲು ಕೇಳುತ್ತಾರೆ.