ದೋಣಿಯ ಡೀಸೆಲ್ ಟ್ಯಾಂಕಿಗೆ ನೀರು ಬಂದಿದ್ದು ಎಲ್ಲಿಂದ?

ಸೆಪ್ಟೆಂಬರ್ ಕೊನೆ. ಲಿಂಗನಮಕ್ಕಿ ಜಲಾಶಯ ಪೂರ್ತಿ ತುಂಬುವ 1819 ಅಡಿಗೆ ಹತ್ತಿರ ಬಂದಿತ್ತು. ಮಳೆಗಾಲವಿಡೀ ದಡದಲ್ಲಿ ಕಟ್ಟಿಟ್ಟಿದ್ದ ದೋಣಿಯನ್ನು ಹೊಳೆಬಾಗಿಲ ಕಡೆ ಇಳಿಸಿದೆ. ಸಿಂಗಲ್ ಸಿಲಿಂಡರ್ ಡೀಸೆಲ್ ಎಂಜಿನ್, ಇಪ್ಪತ್ತು ಲೀಟರಿನ ತಗಡಿನ ಟ್ಯಾಂಕ್. ಹತ್ತು ನಿಮಿಷ ಚೆನ್ನಾಗಿಯೇ ಓಡಿತು. ಆಮೇಲೆ ಕೆಮ್ಮಲು ಶುರು. ಬಿಳಿ ಹೊಗೆ ಬಿಟ್ಟು, ಎರಡು ಸಲ ಎಳೆದು, ಹೊಳೆ ಮಧ್ಯೆ ನಿಂತೇಹೋಯಿತು.

ನೀರು ಏರಿದಾಗ ಮುಳುಗಡೆಯ ಹಳೇ ಮರದ ಬೊಡ್ಡೆಗಳು ಕಾಣೋದಿಲ್ಲ. ಗಾಳಿ ಬೇರೆ ಅವುಗಳ ಕಡೆಗೇ ತಳ್ಳುತ್ತಿತ್ತು. ಹುಟ್ಟು ಹಾಕಿ ದಡ ಸೇರುವಷ್ಟರಲ್ಲಿ ರಟ್ಟೆ ಬಿದ್ದುಹೋಗಿತ್ತು.

ಫಿಲ್ಟರಿನ ಕೆಳಗಿನ ಬೋಲ್ಟ್ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಮೇಲೆ ಡೀಸೆಲ್, ಕೆಳಗೆ ಮೂರು ಬೆರಳು ನೀರು. ಎರಡರ ನಡುವೆ ಕಪ್ಪನೆ ಲೋಳೆ, ಹಳಸಿದ ಮಜ್ಜಿಗೆ ಮೇಲೆ ಕಟ್ಟುವ ಕೆನೆಯ ಹಾಗೆ. ನೀರೂ ಡೀಸೆಲ್ಲೂ ಸೇರುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಅವು. ಫಿಲ್ಟರ್ ಕಟ್ಟಿಕೊಳ್ಳೋದು ಅವುಗಳಿಂದಲೂ.

ನಾನು ಮೊದಲು ಮಾಡಿದ್ದು ಬಂಕಿನವರನ್ನು ಬೈದಿದ್ದು. ಹೋಗಿ ಜಗಳವನ್ನೂ ಆಡಿದೆ. ಅಲ್ಲಿದ್ದ ಹುಡುಗ ಸಿಟ್ಟಾಗಲಿಲ್ಲ. ಅಳತೆ ಕೋಲಿನ ತುದಿಗೆ ನೀರು ಪತ್ತೆ ಹಚ್ಚುವ ಪೇಸ್ಟ್ ಹಚ್ಚಿ ನೆಲದಡಿಯ ಟ್ಯಾಂಕಿಗೆ ಇಳಿಸಿದ. ನೀರಿದ್ದರೆ ಪೇಸ್ಟಿನ ಬಣ್ಣ ಬದಲಾಗಬೇಕು. ಬದಲಾಗಲಿಲ್ಲ. ನಾನು ತಂದ ಡೀಸೆಲ್ಲನ್ನು ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ತಳದಲ್ಲಿ ಒಂದು ಹನಿಯೂ ಇಲ್ಲ.

ಹಾಗಾದರೆ ನೀರು ಬಂದಿದ್ದು ಎಲ್ಲಿಂದ? ಸಾಗರದ ಮೇಸ್ತ್ರಿ ಒಂದೇ ಮಾತು ಕೇಳಿದರು: "ಟ್ಯಾಂಕ್ ಅರ್ಧ ಖಾಲಿ ಬಿಟ್ಟು ಹೋಗಿದ್ರಾ ಮಾರಾಯ್ರೆ?" ಹೌದು, ಬಿಟ್ಟಿದ್ದೆ. ನಮ್ಮ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತೆ, ಇನ್ನು ತಗಡು ಬಿಡುತ್ತಾ? ಖಾಲಿ ಜಾಗದ ತೇವದ ಗಾಳಿ ರಾತ್ರಿ ತಣ್ಣಗಾಗಿ, ಒಳಗೋಡೆಯಲ್ಲಿ ಹನಿಯಾಗಿ ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ಆದರೆ ಅಷ್ಟು ನೀರಿಗೆ ಬೆವರು ಒಂದೇ ಸಾಲದು. ಮುಚ್ಚಳ ತೆಗೆದು ನೋಡಿದರೆ ರಬ್ಬರ್ ವಾಷರ್ ಬಿರುಕು ಬಿಟ್ಟಿತ್ತು. ಮೇಲೆ ಹೊದಿಸಿದ್ದ ಟಾರ್ಪಾಲ್ ನೀರು ಸರಿಯಾಗಿ ಅದರ ಮೇಲೇ ನಿಲ್ಲುತ್ತಿತ್ತು.

ಟ್ಯಾಂಕ್ ಬಿಚ್ಚಿದೆ. ಡೀಸೆಲ್ ಹೊರಡುವ ಪೈಪ್ ತಳಕ್ಕಿಂತ ಅರ್ಧ ಇಂಚು ಮೇಲಿರುತ್ತದೆ. ಹಾಗಾಗಿ ಅದರಿಂದ ಬಸಿದರೆ ನೀರು ಪೂರ್ತಿ ಬರಲ್ಲ, ಮಗುಚಿಯೇ ಸುರಿಯಬೇಕು. ಒಂದು ಲೀಟರ್ ಒಳ್ಳೆ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ, ಹಳೇ ಪಂಚೆಯ ತುಂಡಿನಿಂದ ಒರೆಸಿದೆ. ಸೋಪು ನೀರು ಮುಟ್ಟಿಸಲಿಲ್ಲ. ಗಲೀಜನ್ನು ಹೊಳೆಗೆ ಚೆಲ್ಲದೆ, ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಕೊಟ್ಟೆ.

ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಜಲ್ ಮಾತ್ರ ಮೇಸ್ತ್ರಿ ಕೈಗೆ. ನಾಜಲ್ಲಿಗೂ ಅದಕ್ಕೆ ಡೀಸೆಲ್ ಒತ್ತಿ ಕಳಿಸುವ ಪಂಪಿನ ಒಳಗಿನ ಭಾಗಗಳಿಗೂ ಡೀಸೆಲ್ಲೇ ಎಣ್ಣೆಯ ಕೆಲಸ ಮಾಡೋದು. ಅಲ್ಲಿಗೆ ನೀರು ಹೋದರೆ ಸವೆತ, ತುಕ್ಕು. ಟೆಸ್ಟಿಂಗ್ ಪಂಪಿಗೆ ಹಾಕಿ ಒತ್ತಿದಾಗ ನಾಜಲ್ 'ಕರ್ರ್' ಅಂದು ಮಂಜಿನ ಹಾಗೆ ಉಗುಳಿತು. ಬಚಾವ್.

ಹೊಸ ಫಿಲ್ಟರ್ ಹಾಕಿದ ಮೇಲೆ ಪೈಪಿನಲ್ಲಿ ಸಿಕ್ಕಿಕೊಂಡ ಏರ್ ತೆಗೆಯಬೇಕು, ಅಲ್ವಾ? ನನಗೆ ಜಾಸ್ತಿ ಹೊತ್ತು ತಿಂದಿದ್ದು ಇದೇ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿದೆ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾದು ಬಿಗಿದೆ. ಆಮೇಲೆ ನಾಜಲ್ ಹತ್ತಿರದ ಪೈಪಿನ ನಟ್ ಒಂದು ಸುತ್ತು ಬಿಟ್ಟು ಹ್ಯಾಂಡಲ್ ಹೊಡೆದೆ. ಮುಖ ದೂರ ಇಟ್ಟುಕೊಳ್ಳಿ, ಕೈ ಅಡ್ಡ ಹಿಡಿಯಬೇಡಿ. ಮೊದಲು ನೊರೆ, ಆಮೇಲೆ ಚಿಕ್ ಚಿಕ್ ಅಂತ ಡೀಸೆಲ್. ನಟ್ ಬಿಗಿದ ಮೇಲೆ ಮೂರನೇ ಹೊಡೆತಕ್ಕೆ ಎಂಜಿನ್ ಹಿಡಿಯಿತು. ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದು ನಿಂತಿತು.

ಈಗ ಜೂನ್‌ಗೆ ಮೊದಲೇ ಟ್ಯಾಂಕ್ ಕಂಠಪೂರ್ತಿ ತುಂಬಿಸಿ ಮುಚ್ಚಳಕ್ಕೆ ಹೊಸ ವಾಷರ್ ಹಾಕುತ್ತೇನೆ. ತಳದಲ್ಲಿ ನೀರು ಕಾಣುವ ಹಾಗೆ ಗಾಜಿನ ಬಟ್ಟಲಿರುವ ಸೆಪರೇಟರ್ ಕೂಡಾ ಕೂರಿಸಿದ್ದೇನೆ. ಕಳೆದ ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿದೆ. ಎರಡು ಚಮಚ ನೀರಿತ್ತು, ಅಷ್ಟೇ. ಬಂಕಿನ ಹುಡುಗ ಮಾತ್ರ ಈಗಲೂ ನನ್ನ ಕ್ಯಾನ್ ಕಂಡರೆ "ಪೇಸ್ಟ್ ತರಲಾ ಅಣ್ಣಾ?" ಅಂತ ನಗುತ್ತಾನೆ.