ಮರುಭೂಮಿ ತೀರದಲ್ಲಿ ತಿಮಿಂಗಿಲ: ಸಣ್ಣ ಹಡಗಿನಲ್ಲಿ ಬಾಹಾ ಕ್ಯಾಲಿಫೋರ್ನಿಯಾ ನೋಡುವುದು ಹೇಗೆ?

ಮೆಕ್ಸಿಕೊದ ವಾಯವ್ಯ ಮೂಲೆಯಲ್ಲಿ ಸುಮಾರು 1,200 ಕಿ.ಮೀ. ಉದ್ದದ ನೆಲದ ಪಟ್ಟಿಯೊಂದು ಕಡಲೊಳಗೆ ಚಾಚಿಕೊಂಡಿದೆ. ಅದೇ ಬಾಹಾ ಕ್ಯಾಲಿಫೋರ್ನಿಯಾ. ಒಂದು ಬದಿ ಪೆಸಿಫಿಕ್ ಸಾಗರ, ಇನ್ನೊಂದು ಬದಿ ಕ್ಯಾಲಿಫೋರ್ನಿಯಾ ಕೊಲ್ಲಿ. ನಡುವೆ ಬರೀ ಕಲ್ಲು, ಮರಳು, ಆಳೆತ್ತರಕ್ಕಿಂತ ಎಷ್ಟೋ ಎತ್ತರದ ಕಳ್ಳಿ. ನೆಲದ ಮೇಲೆ ಹನಿ ನೀರಿಗೂ ಬರ. ಕಡಲಲ್ಲಿ ಮಾತ್ರ ಜೀವಗಳ ಜಾತ್ರೆ.

ಪೆಸಿಫಿಕ್ ಬದಿಯಲ್ಲಿ ಈ ಎರಡಕ್ಕೂ ಕಾರಣ ಒಂದೇ. ಉತ್ತರದಿಂದ ತಣ್ಣನೆಯ ಪ್ರವಾಹ ಹರಿದುಬರುತ್ತದೆ. ತಣ್ಣೀರಿನ ಮೇಲಿನ ಗಾಳಿ ಮೇಲೇರಿ ಮಳೆಮೋಡ ಕಟ್ಟುವುದಿಲ್ಲ. ಹಾಗಾಗಿ ತೀರ ಒಣಗಿದೆ. ಅದೇ ಕಡೆ ಗಾಳಿ ಮೇಲ್ನೀರನ್ನು ಆಚೆ ತಳ್ಳಿದಾಗ ಆಳದ ಸತ್ವ ತುಂಬಿದ ನೀರು ಮೇಲೆ ಬರುತ್ತದೆ. ಮೀನು, ಹಕ್ಕಿ, ಕಡಲಸಿಂಹ ಎಲ್ಲವೂ ಅದರಿಂದಲೇ ಬದುಕುತ್ತವೆ.

ಮೊದಲು ತಿಂಗಳು ಗೊತ್ತುಮಾಡಿ

ಇಲ್ಲಿಗೆ ಬೂದು ತಿಮಿಂಗಿಲಗಳು ಬರುವುದು ಊಟಕ್ಕಲ್ಲ, ಹೆರಿಗೆಗೆ. ಅವುಗಳ ಊಟ ಆರ್ಕ್‌ಟಿಕ್ ಕಡಲಲ್ಲಿ. ಹೋಗಿಬರುವ ದಾರಿ ಒಟ್ಟು 16,000 ಕಿ.ಮೀ.ಗೂ ಜಾಸ್ತಿ. ಬಾಹಾದ ಹಿನ್ನೀರುಗಳು ಬೆಚ್ಚಗಿವೆ, ಆಳ ಕಡಿಮೆ, ಅಲೆಯೂ ಇಲ್ಲ. ಮರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಜನವರಿಯಿಂದ ಏಪ್ರಿಲ್ ಆರಂಭದವರೆಗೆ ಅವು ಇಲ್ಲಿರುತ್ತವೆ. ಜನವರಿಯಲ್ಲಿ ಗಂಡು ಹೆಣ್ಣುಗಳ ಓಡಾಟ ಜಾಸ್ತಿ. ಮಾರ್ಚ್ ಹೊತ್ತಿಗೆ ಉಳಿಯುವುದು ಹೆಚ್ಚಾಗಿ ತಾಯಿ ಮರಿಗಳು. ಆಗ ಮರಿಗಳು ಸ್ವಲ್ಪ ಬಲಿತು ದೋಣಿಗಳ ಬಗ್ಗೆ ಕುತೂಹಲ ತೋರಿಸುತ್ತವೆ. ನನ್ನನ್ನು ಕೇಳಿದರೆ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ. ಅದೇ ಹೊತ್ತಿಗೆ ಕೊಲ್ಲಿಯ ಕಡೆ ಲೊರೆಟೊ ಊರಿನ ಸುತ್ತಮುತ್ತ ನೀಲಿ ತಿಮಿಂಗಿಲಗಳೂ ಸಿಗುತ್ತವೆ.

ಆಮೇಲೆ ಹಡಗು, ದಾರಿ, ಕಾಗದಪತ್ರ

ನೂರು ಜನಕ್ಕಿಂತ ಕಡಿಮೆ ಇರುವ ಹಡಗನ್ನೇ ಆರಿಸಿ. ಎಲ್ಲರೂ ಒಟ್ಟಿಗೆ ಡೆಕ್‌ಗೆ ಬರಬಹುದು, ದ್ವೀಪದಲ್ಲಿ ಬೇಗ ಇಳಿಯಬಹುದು. ಬುಕ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಪೆಸಿಫಿಕ್ ಬದಿಯ ಮಗ್ದಲೇನಾ ಕೊಲ್ಲಿಯೂ ಇನ್ನೊಂದು ಬದಿಯ ಕ್ಯಾಲಿಫೋರ್ನಿಯಾ ಕೊಲ್ಲಿಯೂ ಎರಡೂ ದಾರಿಯಲ್ಲಿವೆಯಾ? ಬೂದು ತಿಮಿಂಗಿಲಗಳು ಇರುವುದು ಮೊದಲನೆಯದರಲ್ಲಿ. ನೀಲಿ ತಿಮಿಂಗಿಲ, ಡಾಲ್ಫಿನ್ ಹಿಂಡು, ಕಡಲಸಿಂಹ ಎರಡನೆಯದರಲ್ಲಿ. ಎರಡೂ ಬೇಕೆಂದರೆ ಹಡಗು ಪರ್ಯಾಯ ದ್ವೀಪದ ತುದಿ ಕಾಬೊ ಸಾನ್ ಲುಕಾಸನ್ನು ಸುತ್ತಬೇಕು. ಅಲ್ಲಿ ಪೆಸಿಫಿಕ್ ಅಲೆಗಳು ಜೋರು. ವಾಂತಿ ಬರುವವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಹೊಟ್ಟೆ ತೊಳಸುವ ಮೊದಲೇ ನುಂಗಿ.

ಪ್ರವಾಸ ಅಗ್ಗವಲ್ಲ, ಒಬ್ಬರಿಗೇ ಲಕ್ಷಗಳ ಲೆಕ್ಕ. ಅಷ್ಟು ಆಗದಿದ್ದರೆ ಮಗ್ದಲೇನಾ ಕೊಲ್ಲಿಯ ಕಡೆಯ ಪುಯೆರ್ತೊ ಲೊಪೆಸ್ ಮಾತೆಯೊಸ್ ಊರಿನಲ್ಲಿ ಉಳಿದು, ಗಂಟೆ ಲೆಕ್ಕದಲ್ಲಿ ದೋಣಿ ಬಾಡಿಗೆ ಹಿಡಿಯಬಹುದು. ತಿಮಿಂಗಿಲಗಳು ಅವೇ!

ಬೆಂಗಳೂರಿನಿಂದ ಅಮೆರಿಕದ ಮೂಲಕ ಲಾ ಪಾಸ್ ಅಥವಾ ಸಾನ್ ಹೊಸೆ ದೆಲ್ ಕಾಬೊಗೆ ವಿಮಾನ. ಭಾರತದ ಪಾಸ್‌ಪೋರ್ಟ್ ಇದ್ದು, ಅದರಲ್ಲಿ ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಪ್ರವಾಸಕ್ಕೆ ಮೆಕ್ಸಿಕೊದ ಬೇರೆ ವೀಸಾ ಬೇಕಿಲ್ಲ. ಟಿಕೆಟ್ ತೆಗೆಯುವ ಮೊದಲು ಈ ನಿಯಮವನ್ನು ಇನ್ನೊಮ್ಮೆ ನೋಡಿಕೊಳ್ಳಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗಂತೂ ಸುಲಭ. ಇದೇ ತಿಮಿಂಗಿಲಗಳು ಚಳಿಗಾಲದಲ್ಲಿ ಅವರ ಕಡಲತೀರದ ಪಕ್ಕದಲ್ಲೇ ದಕ್ಷಿಣಕ್ಕೆ ಹೋಗುತ್ತವೆ. ಸಸ್ಯಾಹಾರಿಗಳು ಹಡಗಿನವರಿಗೆ ಮೊದಲೇ ಬರೆದು ತಿಳಿಸಿ, ಮೀನೂ ಬೇಡ ಎಂದು ಬಿಡಿಸಿ ಹೇಳಿ.

ಉಸಿರು ನೋಡಿ ಗುರುತು ಹಿಡಿಯಿರಿ

ಡೆಕ್ ಮೇಲೆ ನಿಂತಾಗ ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ. ಹಡಗಿನ ಮೂತಿ 12 ಗಂಟೆ, ಬಲಬದಿ 3, ಹಿಂಭಾಗ 6. 'ಎರಡು ಗಂಟೆ' ಎಂದರೆ ಮುಂದೆ ಬಲಕ್ಕೆ ನೋಡಬೇಕು. ಮೊದಲು ಬರಿಗಣ್ಣಿನಲ್ಲೇ ದಿಗಂತ ಹುಡುಕಿ, ಏನಾದರೂ ಕಂಡ ಮೇಲೆ ಬೈನಾಕ್ಯುಲರ್ ಎತ್ತಿ.

ಎತ್ತರಕ್ಕೆ ನೆಟ್ಟಗೆ ಚಿಮ್ಮುವ, ಒಂಬತ್ತು ಮೀಟರ್ ದಾಟುವ ಕಂಬದಂಥ ಉಸಿರು ನೀಲಿ ತಿಮಿಂಗಿಲದ್ದು. ಗಿಡ್ಡಗೆ, ಪೊದೆಯಂತೆ, ಎದುರಿನಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವುದು ಬೂದು ತಿಮಿಂಗಿಲದ್ದು. ಅದರ ಬೆನ್ನ ಮೇಲೆ ರೆಕ್ಕೆ ಇಲ್ಲ, ಬಾಲದ ಕಡೆಗೆ ಸಾಲು ಗಂಟುಗಳಿರುತ್ತವೆ. ಬಾಲ ಎತ್ತಿ ಮುಳುಗಿದರೆ ಮೂರರಿಂದ ಐದು ನಿಮಿಷ ಕಾಯಿರಿ. ನೀಲಿಯಾದರೆ ಹತ್ತು ನಿಮಿಷಕ್ಕೂ ಜಾಸ್ತಿ ಕಾಯಬೇಕಾಗಬಹುದು. ಮುಳುಗಿದ ಕಡೆ ನೀರು ಎಣ್ಣೆ ಸುರಿದಂತೆ ನುಣ್ಣಗಾಗಿರುತ್ತದೆ. ಅದು ಬಾಲದ ಬಡಿತದ ಗುರುತು. ಅಂಥ ಗುರುತುಗಳ ಸಾಲು ನೋಡಿದರೆ ಅದು ಹೊರಟ ದಿಕ್ಕು ತಿಳಿಯುತ್ತದೆ.

ಪಂಗಾ ಹತ್ತಿದ ಮೇಲೆ

ಹಡಗು ದೂರ ನಿಲ್ಲುತ್ತದೆ. ತಿಮಿಂಗಿಲದ ಹತ್ತಿರ ಕರೆದೊಯ್ಯುವುದು ಸ್ಥಳೀಯ ಮೀನುಗಾರರ ಪಂಗಾ ದೋಣಿ. ಈ ಜಾಗದ ಕತೆ ಗೊತ್ತಿದ್ದರೆ ಅಲ್ಲಿ ಹೇಗೆ ಕೂರಬೇಕು ಎಂಬುದು ತಾನಾಗಿ ತಿಳಿಯುತ್ತದೆ.

1850ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಪ್ಟನ್ ಚಾರ್ಲ್ಸ್ ಸ್ಕ್ಯಾಮನ್ ಇಲ್ಲಿನ ಓಹೊ ದೆ ಲಿಯೆಬ್ರೆ ಹಿನ್ನೀರಿನ ಬಾಯಿ ಹುಡುಕಿ ಒಳಗೆ ನುಗ್ಗಿದ. ಅವನ ಹಿಂದೆ ಬೇಟೆ ಹಡಗುಗಳ ಸಾಲೇ ಬಂತು. ಮರಿ ಉಳಿಸಿಕೊಳ್ಳಲು ತಾಯಂದಿರು ದೋಣಿ ಒಡೆದರು. ಬೇಟೆಗಾರರು ಅವಕ್ಕೆ 'ದೆವ್ವದ ಮೀನು' ಎಂದು ಹೆಸರಿಟ್ಟರು. ಆ ಹೆದರಿಕೆ ನೂರು ವರ್ಷ ಉಳಿಯಿತು. ಸಾನ್ ಇಗ್ನಾಸಿಯೊ ಹಿನ್ನೀರಿನ ಮೀನುಗಾರರು ತಿಮಿಂಗಿಲ ದೂರವಿರಲೆಂದು ದೋಣಿಯ ಮೈ ಬಡಿಯುತ್ತಿದ್ದರು. 1972ರಲ್ಲಿ ಪಾಚಿಕೊ ಮಯೊರಾಲ್ ಎಂಬ ಮೀನುಗಾರನ ಪಂಗಾ ಪಕ್ಕದಲ್ಲೇ ಒಂದು ತಿಮಿಂಗಿಲ ತಲೆ ಎತ್ತಿತು. ಹೋಗಲೇ ಇಲ್ಲ. ಕೊನೆಗೆ ಅವನು ಕೈ ಚಾಚಿ ಮುಟ್ಟಿದ. ಇವತ್ತಿನ 'ಸ್ನೇಹದ ತಿಮಿಂಗಿಲ'ಗಳ ಕತೆ ಅಲ್ಲಿಂದ ಶುರು. ಅದೇ ಹಿನ್ನೀರಿನ ಪಕ್ಕ ದೊಡ್ಡ ಉಪ್ಪಿನ ಕಾರ್ಖಾನೆ ಕಟ್ಟುವ ಯೋಜನೆ ಇತ್ತು. ಜನರ ವಿರೋಧ ಜೋರಾಗಿ 2000ದಲ್ಲಿ ಮೆಕ್ಸಿಕೊ ಅಧ್ಯಕ್ಷ ಎರ್ನೆಸ್ಟೊ ಸೆಡಿಯೊ ಅದನ್ನು ಕೈಬಿಟ್ಟರು.

ಹಾಗಾಗಿ ನಾವು ಅಟ್ಟಿಸಿಕೊಂಡು ಹೋಗಬಾರದು. ಹತ್ತಿರ ಬರುವುದೋ ಬೇಡವೋ ಅದು ತಿಮಿಂಗಿಲದ ಇಷ್ಟ. ದೋಣಿಯವನನ್ನು 'ಇನ್ನೂ ಹತ್ತಿರ' ಎಂದು ಒತ್ತಾಯಿಸಬೇಡಿ, ಜಾಸ್ತಿ ದುಡ್ಡು ಕೊಡುತ್ತೇನೆ ಎಂದಂತೂ ಹೇಳಲೇಬೇಡಿ. ಎಲ್ಲರೂ ಒಂದೇ ಬದಿಗೆ ಓಡಿದರೆ ದೋಣಿ ವಾಲುತ್ತದೆ. ತಾಯಿಗೂ ಮರಿಗೂ ನಡುವೆ ದೋಣಿ ಬರಕೂಡದು.

ಬಂದರೆ ಮೊದಲು ಸರಿಯಾಗಿ ನೋಡಿ. ದೊಡ್ಡದರ ಮೈ ಚಿಪ್ಪುಜೀವಿಗಳಿಂದ ಒರಟಾಗಿರುತ್ತದೆ. ಚಿಪ್ಪುಗಳ ಸುತ್ತ ತಿಳಿಬಣ್ಣದ ತಿಮಿಂಗಿಲ ಹೇನುಗಳು ಕಚ್ಚಿಕೊಂಡಿರುತ್ತವೆ. ಮರಿಯ ಮೂತಿ ತುಂಬ ಚಿಕ್ಕ ಚಿಕ್ಕ ಗುಳಿ, ಒಂದೊಂದು ಗುಳಿಯಲ್ಲೂ ಒಂದೇ ಒಂದು ಕೂದಲು. ಚರ್ಮ ನೀರಲ್ಲಿ ಅದ್ದಿದ ಬಾಳೆದಿಂಡಿನ ಹಾಗೆ ತಣ್ಣಗೆ, ನುಣ್ಣಗೆ, ಬಿಗಿಯಾಗಿ ಇರುತ್ತದೆ. ದೋಣಿಯವನು ಒಪ್ಪಿದರೆ ಮಾತ್ರ ಮುಟ್ಟಿ. ಕಣ್ಣು ಮತ್ತು ಉಸಿರುರಂಧ್ರದ ಹತ್ತಿರ ಕೈ ಹೋಗಬಾರದು.

ನೆಲಕ್ಕೂ ಇಳಿಯಿರಿ

ಕೊಲ್ಲಿಯ 244 ದ್ವೀಪ, ದಿಬ್ಬ, ತೀರಗಳು 2005ರಿಂದ ವಿಶ್ವ ಪರಂಪರೆ ತಾಣ. ಕಾರ್ಡೋನ್ ಕಳ್ಳಿ ಹತ್ತು ಮೀಟರ್ ದಾಟಿ ಬೆಳೆಯುತ್ತದೆ. ಸಾಂಟಾ ಕಾಟಲೀನಾ ದ್ವೀಪದಲ್ಲಿ ಬಾಲದ ಗಿಲಕಿಯೇ ಇಲ್ಲದ ಗಿಲಕಿ ಹಾವು ಇದೆ, ಬೇರೆಲ್ಲೂ ಇಲ್ಲ. ಅದು ಸದ್ದು ಮಾಡಿ ಎಚ್ಚರಿಸುವುದಿಲ್ಲ, ಆದ್ದರಿಂದ ಹೆಜ್ಜೆ ಇಡುವ ಜಾಗ ನೋಡಿ. ಚಪ್ಪಲಿ ಬೇಡ, ಮುಚ್ಚಿದ ಶೂ ಇರಲಿ. ಜೇಬಿನಲ್ಲೊಂದು ಬಾಚಣಿಗೆ ಇಟ್ಟುಕೊಳ್ಳಿ, ಚೋಯಾ ಕಳ್ಳಿಯ ಮುಳ್ಳುಂಡೆ ಅಂಟಿದರೆ ಕೈಯಿಂದ ಕೀಳದೆ ಅದರಿಂದ ಎತ್ತಿ ಎಸೆಯಬಹುದು. ಒಂದು ದ್ವೀಪದ ಬೀಜ ಇನ್ನೊಂದಕ್ಕೆ ಹೋಗದಂತೆ ಪ್ರತಿ ಸಲ ಶೂ ತಳ ತೊಳೆಯಿರಿ.

ಲೋಸ್ ಇಸ್ಲೋತೆಸ್ ಬಂಡೆಗಳ ಬಳಿ ಕಡಲಸಿಂಹಗಳ ಜೊತೆ ಸ್ನಾರ್ಕೆಲ್ ಮಾಡಬಹುದು, ಅಂದರೆ ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ಮುಖ ಕೆಳಗಾಗಿ ಈಜಬಹುದು. ಚಳಿಗಾಲದಲ್ಲಿ ನೀರು ತಣ್ಣಗೆ, ವೆಟ್‌ಸೂಟ್ ಬೇಕೇ ಬೇಕು. ಮರಿಗಳು ಆಟಕ್ಕೆ ಕಾಲಿನ ಫಿನ್ ಕಚ್ಚುತ್ತವೆ. ಕೈ ಎದೆಗೆ ಕಟ್ಟಿಕೊಂಡು ತೇಲಿ, ಕಾವಲು ತಿರುಗುವ ದೊಡ್ಡ ಗಂಡಿನ ದಾರಿಗೆ ಅಡ್ಡ ಹೋಗಬೇಡಿ. ಉತ್ತರದ ಗಾಳಿ ಬೀಸಿದರೆ ಕ್ಯಾಪ್ಟನ್ ದಾರಿಯನ್ನೇ ಬದಲಿಸಬಹುದು, ಅದಕ್ಕೂ ಮನಸ್ಸು ಸಿದ್ಧವಿರಲಿ.

ಕೊನೆಯದಾಗಿ, ಫೋಟೊ

ಈ ತೀರದ ಬೂದು ತಿಮಿಂಗಿಲಗಳು 2016ರಲ್ಲಿ ಸುಮಾರು 27,000 ಇದ್ದವು. 2025ರ ಅಂದಾಜು ಸುಮಾರು 13,000. ಆರ್ಕ್‌ಟಿಕ್ ಕಡಲು ಬದಲಾಗಿ ಅವುಗಳ ಊಟ ಕಡಿಮೆಯಾಗಿದೆ ಎನ್ನುತ್ತಾರೆ ವಿಜ್ಞಾನಿಗಳು. ಓದಿದಾಗ ನನಗೆ ಹೊಟ್ಟೆ ಚುರುಕ್ ಅಂತು. ಉಸಿರುರಂಧ್ರದ ಹಿಂದೆ ಮೈ ಗುಳಿಬಿದ್ದಂತೆ ಕಂಡರೆ ಆ ತಿಮಿಂಗಿಲ ಬಡಕಲಾಗಿದೆ ಎಂದೇ ಅರ್ಥ. ಅಂಥದನ್ನು ಅದರ ಪಾಡಿಗೆ ಬಿಟ್ಟು ದೂರ ಸರಿಯಲು ದೋಣಿಯವನಿಗೆ ಹೇಳಿ.

ಹಂಪ್‌ಬ್ಯಾಕ್ ಎಂಬ ಇನ್ನೊಂದು ಜಾತಿಯ ತಿಮಿಂಗಿಲ ಬಾಲ ಎತ್ತಿದಾಗ ಹಿಂದಿನಿಂದ ಬಾಲದ ಅಡಿಭಾಗ ತೆಗೆಯಿರಿ. ಅಲ್ಲಿನ ಕಪ್ಪು ಬಿಳುಪು ಗುರುತು ಒಂದೊಂದಕ್ಕೂ ಬೇರೆ. ಬೂದು ತಿಮಿಂಗಿಲವಾದರೆ ಬೆನ್ನಿನ ಎರಡೂ ಬದಿ ಬೇಕು. ದಿನ, ಹೊತ್ತು, ಜಾಗ ಬರೆದುಕೊಂಡು, ಊರಿಗೆ ಬಂದ ಮೇಲೆ ಫೋಟೊ ನೋಡಿ ತಿಮಿಂಗಿಲದ ಗುರುತು ಹಿಡಿಯುವ ಹ್ಯಾಪಿವೇಲ್ ಜಾಲತಾಣಕ್ಕೆ ಹಾಕಿ. ನೀವು ನೋಡಿದ ತಿಮಿಂಗಿಲ ಮುಂದೆ ಬೇರೆಯವರಿಗೆ ಕಂಡು ಗುರುತು ಸಿಕ್ಕರೆ, ಎಲ್ಲಿ ಯಾವಾಗ ಕಂಡಿತು ಎಂದು ನಿಮಗೆ ಇಮೇಲ್ ಬರುತ್ತದೆ.