ಒಂದು ಎಂಜಿನ್ ಓಡುತ್ತಿದ್ದರೂ ಹೊಲಕ್ಕೇ ಇಳಿಸಿದೆ

ಅರಿಜೋನಾದ ಫೀನಿಕ್ಸ್ ಕಡೆ ಸೆಮಿನೋಲ್ ಅನ್ನೋ ಎರಡು ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಮಲ್ಟಿ-ಎಂಜಿನ್ ಹಾರಾಟ ಕಲಿಸೋಕೆ ಶುರುಮಾಡಿ ಆರು ವರ್ಷವಾಯ್ತು. ಒಂದು ಎಂಜಿನ್ ಕೈಕೊಟ್ಟರೆ ಇಳಿಯೋಕೆ ಅಂತ ಟೇಕಾಫ್‌ಗೆ ಮೊದಲೇ ಹೊಲ ಗೊತ್ತುಮಾಡಿಕೊಳ್ಳುವ ನನ್ನ ಪದ್ಧತಿಯನ್ನು ಜೊತೆಯವರು ಯಾರೂ ಒಪ್ಪಿರಲಿಲ್ಲ. "ಇನ್ನೊಂದು ಎಂಜಿನ್ ಇರುತ್ತಲ್ಲ, ಒಂದು ಸುತ್ತು ಹಾಕಿ ರನ್‌ವೇಗೆ ಬಂದರಾಯ್ತು" ಅನ್ನೋರು. ಕಳೆದ ಜುಲೈನಲ್ಲಿ ಆ ಹೊಲವೇ ನಮ್ಮನ್ನು ಉಳಿಸಿತು.

ನಾನೇ ಕಲಿಯುವಾಗ ಚೆಕ್‌ರೈಡ್‌ನಲ್ಲಿ (ಲೈಸೆನ್ಸಿನ ಹಾರಾಟ ಪರೀಕ್ಷೆ) ಒಂಟಿ ಎಂಜಿನ್ನಿನಲ್ಲಿ ಮೂಗು ಎತ್ತಿ ಹಿಡಿದು ಏರಲು ನೋಡಿ, 88 ನಾಟ್ ಬ್ಲೂ ಲೈನ್ (ಒಂಟಿ ಎಂಜಿನ್ನಿನಲ್ಲಿ ಚೆನ್ನಾಗಿ ಏರುವ ವೇಗ) ಬಿಟ್ಟು 70ಕ್ಕೆ ಬಂದಿದ್ದೆ. ಫೇಲ್. ಮತ್ತೆ ಹಾರಾಟ, ಮತ್ತೆ ಫೀಸು, ಸುಮಾರು 2,500 ಡಾಲರ್. ಅಪ್ಪ ದಾವಣಗೆರೆಯ ಸೈಟು ಅಡವಿಟ್ಟು ಕಳಿಸಿದ ದುಡ್ಡು ಅದು.

ಆಮೇಲೆ ಕೈಯಿಂದ ಖರ್ಚು ಹಾಕಿ ಬೇಸಿಗೆಯಲ್ಲಿ ಮೂರು ಗಂಟೆ ಹಾರಿಸಿ ನೋಡಿದೆ. ಒಂದು ಎಂಜಿನ್ ಸತ್ತಂತೆ ಆಗಲಿ ಅಂತ ಅದರ ಥ್ರಾಟಲ್ 11 ಇಂಚಿನ ಒತ್ತಡಕ್ಕಿಟ್ಟು, ಬ್ಲೂ ಲೈನ್ ಕೂದಲೆಳೆಯಷ್ಟೂ ಬಿಡದೆ ಹಿಡಿದರೂ ನಿಮಿಷಕ್ಕೆ 100-150 ಅಡಿ ಇಳಿತವೇ. 42 ಡಿಗ್ರಿ ಬಿಸಿಲಲ್ಲಿ 1,500 ಅಡಿ ಎತ್ತರದಲ್ಲಿರುವ ರನ್‌ವೇ 5,000 ಅಡಿ ಎತ್ತರದ್ದರಂತೆ ಆಡುತ್ತೆ, ಗಾಳಿ ಅಷ್ಟು ತೆಳುವಾಗುತ್ತೆ. ಪೂರ್ತಿ ಭಾರದಲ್ಲಿ ಒಂಟಿ ಎಂಜಿನ್ನಿನ ಸೀಲಿಂಗ್, ಅಂದರೆ ಏರಬಲ್ಲ ಮಿತಿ, 4,000 ಅಡಿಯೂ ಇಲ್ಲ. ಸುತ್ತು ಹಾಕೋದೆಲ್ಲಿಂದ ಬಂತು? ಎಂಜಿನ್ನಿಗೆ ತಂಪು ಗಾಳಿ ಬಿಡುವ ಕೌಲ್ ಫ್ಲಾಪ್ ಮುಚ್ಚಿಯೂ ನೋಡಿದೆ. ಲಾಭ ಅಷ್ಟಕ್ಕಷ್ಟೆ, ಎಂಜಿನ್ ಮಾತ್ರ ಕಾದು ಕೆಂಡವಾಯ್ತು.

ಹಾಗಾಗಿ ಭಾನುವಾರಗಳಂದು ಕಾರು ತಗೊಂಡು ರನ್‌ವೇ ಮುಂದಿನ ಹೊಲಗಳನ್ನು ಸುತ್ತುತ್ತಿದ್ದೆ. ಬದು ಯಾವ ಕಡೆ ಓಡಿದೆ, ವಿದ್ಯುತ್ ತಂತಿ ಎಲ್ಲಿದೆ, ನೀರು ಎಂದು ಬಿಡುತ್ತಾರೆ, ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿ.

ಆವತ್ತು ಹುಬ್ಬಳ್ಳಿ ಹುಡುಗ ಹಾರಿಸುತ್ತಿದ್ದ. ಗೇರ್ (ಚಕ್ರ) ಮೇಲೆತ್ತಿ 300 ಅಡಿ ಆಗಿತ್ತು, ಮೂಗು ಬಲಕ್ಕೆ ಹೊರಳಿತು. "ಸರ್, ಬಲಗಾಲು ಖಾಲಿ ಐತ್ರಿ!" ಅಂದ. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಅಂತ ಅರ್ಥ; ಹೇಳಿಕೊಟ್ಟಿದ್ದು ಅಕ್ಷರಶಃ ಬಾಯಿಗೆ ಬಂದಿತ್ತು. ಕಂಟ್ರೋಲ್ ತಗೊಂಡು ಬಲ ಪ್ರಾಪ್ (ಪ್ರೊಪೆಲ್ಲರ್) ಫೆದರ್ ಮಾಡಿದೆ, ಅಂದರೆ ಅದರ ಎಲೆಗಳನ್ನು ಗಾಳಿ ತಡೆಯದಂತೆ ಅಂಚಿಗೆ ತಿರುಗಿಸಿದೆ, ನಾಲ್ಕು ಸೆಕೆಂಡಿನೊಳಗೆ. (ಇಲ್ಲಿ ತಡಮಾಡಬೇಡಿ, 950 ಆರ್‌ಪಿಎಂ ಕೆಳಗೆ ಬಿದ್ದರೆ ಲಿವರ್ ಎಳೆದರೂ ಫೆದರ್ ಆಗಲ್ಲ.) ಅಷ್ಟರಲ್ಲಿ 80 ಅಡಿ ಹೋಗಿತ್ತು. ಎಡಕ್ಕೆ ಸ್ವಲ್ಪ ವಾಲಿಸಿ, 88 ಹಿಡಿದು, ಎಡಗಡೆಯ ಆಲ್ಫಾಲ್ಫಾ ಹೊಲಕ್ಕೆ ಮುಖ ಮಾಡಿದೆ. ನಮ್ಮೂರಲ್ಲಿ ಕುದುರೆ ಮಸಾಲೆ ಅಂತಾರಲ್ಲ, ಅದೇ ಮೇವು. ಎಷ್ಟು ದೂರದ ಹೊಲ ಕೈಗೆ ಸಿಗುತ್ತೆ ಅಂತ ವಿಂಡ್‌ಶೀಲ್ಡ್ ಮೇಲೇ ಅಳೆಯೋ ಒಂದು ಗುರುತಿದೆ. ಅದನ್ನು ನನ್ನ ಪಕ್ಕದ ಸೀಟಿನಲ್ಲಿ ಕೂತವರಿಗೆ ಮಾತ್ರ ಹೇಳಿಕೊಡೋದು.

ತಂತಿ ದಾಟಿದ ಮೇಲೆ ಎಡ ಥ್ರಾಟಲ್ಲನ್ನೂ ಮುಚ್ಚಿದೆ. ಗೇರ್ ಇಳಿಸಲಿಲ್ಲ; ಎರಡು ದಿನದ ಹಿಂದೆ ನೀರು ಬಿಟ್ಟಿದ್ದ ನೆಲ, ಚಕ್ರ ಹೂತರೆ ವಿಮಾನ ಮಗುಚುತ್ತೆ. ಬದುವಿನ ಗುಂಟ ಜಾರಿ ನಿಂತಿತು. ಬಾಗಿಲು ತೆಗೆದರೆ ಹಸಿ ಸೊಪ್ಪಿನ ವಾಸನೆ. ಹುಡುಗನ ಮೊಣಕೈ ತರಚಿತ್ತು, ಅಷ್ಟೇ.

ಹಿಂದಿನ ದಿನ ಬಿಚ್ಚಿ ಹಾಕಿದ್ದ ಫ್ಯುಯೆಲ್ ಪೈಪಿನ ಜೋಡಣೆ ಸಡಿಲವಾಗಿತ್ತಂತೆ. ಎರಡು ಪ್ರಾಪ್, ಎರಡೂ ಎಂಜಿನ್ ಬಿಚ್ಚಿ ನೋಡಿದ್ದು, ಹೊಟ್ಟೆಯ ತಗಡು, ಎಲ್ಲ ಸೇರಿ ಲಕ್ಷ ಡಾಲರ್ ಹತ್ತಿರ, ವಿಮೆ ಕೊಟ್ಟಿತು. ರೈತನ ಮೇವಿಗೆ 600.

ಬೇಡ ಅಂದಿದ್ದವರಲ್ಲಿ ಮೂವರು ಈಗ ನೋಟ್‌ಬುಕ್ಕಿನ ಪ್ರತಿ ತಗೊಂಡಿದ್ದಾರೆ. ಆದರೆ ಆ ಹೊಲದಲ್ಲಿ ಮನೆ ಕಟ್ಟೋಕೆ ಗೂಟ ಹೊಡೆದಿದ್ದಾರೆ. ಈ ಭಾನುವಾರ ಪಶ್ಚಿಮಕ್ಕೆ ಹೋಗಿ ಇನ್ನೊಂದು ನೋಡಿಕೊಂಡು ಬರಬೇಕು.